ಮೇಷ್ಟ್ರ ಬೋರ್ಡು



ಈಗಷ್ಟೇ ನನ್ನನ್ನು ‘ಸಾಧಕ’ ಎಂದು ಪರಿಚಯಿಸಿದರು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಿ.ಇ. ಮೊದಲ ಸೆಮಿಸ್ಟರಿನ ಗಣಿತದಲ್ಲಿ ನಾನು ಫೇಲಾಗಿದ್ದೆ. ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಗಣಿತಕ್ಕೆ 100ಕ್ಕೆ 96 ತೆಗೆದವನು! ಅಪ್ಪನಿಗೆ ಹೇಳಲು ಒಂದು ತಿಂಗಳು ಧೈರ್ಯ ಬರಲಿಲ್ಲ.

ಕನ್ನಡ ಮಾಧ್ಯಮದಿಂದ ಹೋದದ್ದೇ ಕಾರಣವೆಂದು ಬಹಳ ದಿನ ನಂಬಿದ್ದೆ. ಅದು ಅರ್ಧ ನಿಜ. ಇನ್ನರ್ಧ, ಪಾಠ ಮತ್ತು ಪರೀಕ್ಷೆಯ ರೀತಿ. ಇಲ್ಲಿ ನಮ್ಮ ಗಣಿತದ ಮೇಷ್ಟ್ರು ದಿನವೂ ಪಾಠಕ್ಕೆ ಮೊದಲು ಯಾರನ್ನಾದರೂ ಬೋರ್ಡಿಗೆ ಕರೆದು ನಿನ್ನೆಯ ಲೆಕ್ಕ ಮಾಡಿಸುತ್ತಿದ್ದರು. ತಪ್ಪಿದರೆ ಅಂಕ ಹೋಗುತ್ತಿರಲಿಲ್ಲ (ಕಿವಿ ಕೆಂಪಾಗುತ್ತಿತ್ತು, ಆ ಮಾತು ಬೇರೆ). ಎಲ್ಲಿ ತಪ್ಪಿದೆವೆಂದು ಅಲ್ಲೇ ತಿಳಿಯುತ್ತಿತ್ತು. ಕಾಲೇಜಿನಲ್ಲಿ ಅರವತ್ತು ಜನ ಕುಳಿತು ನೋಟ್ಸ್ ಬರೆದುಕೊಂಡೆವು. 125 ಅಂಕದಲ್ಲಿ 25 ಇಂಟರ್ನಲ್ಸ್‌ಗೆ, ಉಳಿದ 100 ಕೊನೆಯ ಮೂರು ಗಂಟೆಯ ಪರೀಕ್ಷೆಗೆ. ನನಗೆ ಏನು ಬರುವುದಿಲ್ಲ ಎನ್ನುವುದು ಗೊತ್ತಾದದ್ದು ರಿಸಲ್ಟ್ ಬಂದ ಮೇಲೆ.

ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರುಹೊಡೆದು ಪಾಸಾದೆ. ಮುಂದಿನ ಸೆಮಿಸ್ಟರುಗಳೂ ಹಾಗೇ ದಾಟಿದವು, ಒಳ್ಳೆಯ ಅಂಕಗಳೇ ಬಂದವು. ಆದರೆ ಮೊದಲ ಸಂದರ್ಶನದಲ್ಲಿ ತೀರ ಸಣ್ಣ ಪ್ರಶ್ನೆಗೂ ಬಾಯಿ ಕಟ್ಟಿತು. ಆ ವಾರವೇ ನಾವು ನಾಲ್ವರು ಹಾಸ್ಟೆಲ್ ರೂಮಿಗೆ ಒಂದು ಬೋರ್ಡು ತಂದೆವು. ದಿನಕ್ಕೊಬ್ಬ ಪುಸ್ತಕ ಮುಚ್ಚಿಟ್ಟು ಬರೆದು ತೋರಿಸಬೇಕು, ಉಳಿದವರು ತಪ್ಪು ಹಿಡಿಯಬೇಕು. ನನಗೆ ಕೆಲಸ ಸಿಕ್ಕಿದ್ದು ಆ ಬೋರ್ಡಿನಿಂದ.

2014ರಲ್ಲಿ ಅಮೆರಿಕದ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿ ತರಗತಿಗಳ ಬಗೆಗಿನ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ನಡೆದ ಕಡೆ ಫೇಲಾದವರು ಸರಾಸರಿ ಶೇ. 34ರಷ್ಟು; ವಿದ್ಯಾರ್ಥಿಗಳೇ ತರಗತಿಯಲ್ಲಿ ಪ್ರಶ್ನೆ ಬಿಡಿಸಿ ಚರ್ಚಿಸಿದ ಕಡೆ ಶೇ. 22ರಷ್ಟು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಈ ಶಾಲೆ ನೆನಪಾಯಿತು.

ಈಗ ಇಂಟರ್ನಲ್ಸ್‌ಗೇ ಅರ್ಧ ಅಂಕ ಎಂದು ಕಾಲೇಜಿಗೆ ಹೋಗುವ ನಮ್ಮೂರ ಹುಡುಗರು ಹೇಳುತ್ತಾರೆ. ಒಳ್ಳೆಯದೇ. ಆದರೆ ಅಸೈನ್‌ಮೆಂಟನ್ನು ಹಿಂದಿನ ರಾತ್ರಿ ಗೆಳೆಯನದನ್ನು ನೋಡಿ ಬರೆಯುವುದಾದರೆ, ನಾನು ಉರುಹೊಡೆದದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಮೇಷ್ಟ್ರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಸರ್, ನಾನು ಗಣಿತದಲ್ಲಿ ಫೇಲಾದ ಸುದ್ದಿಯನ್ನು ಇಷ್ಟು ವರ್ಷ ನಿಮ್ಮಿಂದ ಮುಚ್ಚಿಟ್ಟಿದ್ದೆ. ಕಿವಿ ಹಿಂಡುವುದಿದ್ದರೆ ದಯವಿಟ್ಟು ಕಾರ್ಯಕ್ರಮ ಮುಗಿದ ಮೇಲೆ.