ನೆರೆ ದೇಶಗಳ ಸ್ನೇಹ: ಗಡಿಯ ಮಕ್ಕಳು ಕಲಿಸುವ ಪಾಠ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಎರಡು ದೇಶಗಳ ಸ್ನೇಹ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪತ್ರಿಕೆಯ ಮುಖಪುಟದ ಚಿತ್ರ. ಇಬ್ಬರು ಪ್ರಧಾನಿಗಳು ಕೈಕುಲುಕುತ್ತಿರುತ್ತಾರೆ, ಹಿಂದೆ ಎರಡು ಧ್ವಜಗಳಿರುತ್ತವೆ. ಇದರಿಂದ ಗಡಿಯಲ್ಲಿ ವಾಸಿಸುವ ಮಗುವಿಗೆ ಏನು ದೊರೆಯಿತು ಎಂದು ನಾವು ಕೇಳುವುದು ಕಡಿಮೆ. ಭಾರತ ಮತ್ತು ಬಾಂಗ್ಲಾದೇಶದ ಸಂಬಂಧವನ್ನು ಇಂದು ಆ ಮಗುವಿನ ಕಡೆಯಿಂದ ನೋಡೋಣ.

1971ರ ಡಿಸೆಂಬರ್ 6ರಂದು ಭಾರತವು ಬಾಂಗ್ಲಾದೇಶಕ್ಕೆ ಮಾನ್ಯತೆ ನೀಡಿತು. 1972ರ ಮಾರ್ಚ್‌ನಲ್ಲಿ ಎರಡೂ ದೇಶಗಳು 25 ವರ್ಷಗಳ ಮೈತ್ರಿ ಒಪ್ಪಂದ ಮಾಡಿಕೊಂಡವು. ಆರಂಭವೇನೋ ಚೆನ್ನಾಗಿತ್ತು. ಆದರೆ ಸುಮಾರು 4,096 ಕಿ.ಮೀ. ಉದ್ದದ ಗಡಿಯಲ್ಲಿ ಹಳೆಯ ಗಂಟೊಂದು ಹಾಗೆಯೇ ಉಳಿದಿತ್ತು. ಕೂಚ್ ಬಿಹಾರದ ರಾಜರಿಗೂ ಮೊಘಲರಿಗೂ ಸೇರಿದ್ದ ತುಂಡು ಭೂಮಿಗಳು ಪರಸ್ಪರರ ಪ್ರದೇಶದೊಳಗೆ ಚದುರಿಹೋಗಿದ್ದವು. ದೇಶ ವಿಭಜನೆಯಾದಾಗ ಈ ತುಂಡುಗಳೂ ಹಂಚಿಹೋದವು. ಬಾಂಗ್ಲಾದೇಶದ ಒಳಗೆ ಭಾರತದ 111 ತುಂಡುಗಳು, ಭಾರತದ ಒಳಗೆ ಬಾಂಗ್ಲಾದೇಶದ 51 ತುಂಡುಗಳು. ಇವುಗಳಿಗೆ ಅಲ್ಲಿನ ಜನ 'ಛಿಟ್‌ಮಹಲ್' ಎನ್ನುತ್ತಿದ್ದರು.

ನಾಲ್ಕೂ ಕಡೆ ಬೇರೆ ದೇಶವಿರುವ ಹಳ್ಳಿಯಲ್ಲಿ ಬದುಕುವುದು ಹೇಗೆ, ಯೋಚಿಸಿ ನೋಡಿ. ತನ್ನ ದೇಶದ ಸರ್ಕಾರ ಅಲ್ಲಿಗೆ ಬರಲಾರದು, ಸುತ್ತಲಿನ ಸರ್ಕಾರಕ್ಕೆ ಆ ಜನ ತನ್ನವರಲ್ಲ. ವಿದ್ಯುತ್ ಇಲ್ಲ, ಪೊಲೀಸ್ ಠಾಣೆ ಇಲ್ಲ, ಆಸ್ಪತ್ರೆ ಇಲ್ಲ. ಮಕ್ಕಳನ್ನು ಹೊರಗಿನ ಶಾಲೆಗೆ ಸೇರಿಸಬೇಕಾದರೆ ಸೇರ್ಪಡೆ ಪುಸ್ತಕದಲ್ಲಿ ಸುಳ್ಳು ವಿಳಾಸ ಬರೆಸಬೇಕಿತ್ತು. ಎಷ್ಟೋ ಮಕ್ಕಳು ಪಕ್ಕದ ಊರಿನ ಪರಿಚಯಸ್ಥರನ್ನೇ ತಂದೆಯೆಂದು ಬರೆಸಿ ಓದಿದರು. ಅಕ್ಷರ ಕಲಿಯಲು ಮೊದಲು ಹೆತ್ತ ತಂದೆಯ ಹೆಸರನ್ನೇ ಬಿಟ್ಟುಕೊಡಬೇಕಿತ್ತು. ವಿದ್ಯೆಗಾಗಿ ದುಡಿಯುವ ನಮ್ಮಂಥವರಿಗೆ ಇದಕ್ಕಿಂತ ನೋವಿನ ಸಂಗತಿ ಬೇರೆ ಇದೆಯೇ?

ಪರಿಹಾರ ಯಾರಿಗೂ ತಿಳಿಯದ್ದಾಗಿರಲಿಲ್ಲ. 1974ರ ಮೇ 16ರಂದೇ ಇಂದಿರಾ ಗಾಂಧಿ ಮತ್ತು ಶೇಖ್ ಮುಜೀಬುರ್ ರಹಮಾನ್ ತುಂಡುಗಳ ವಿನಿಮಯಕ್ಕೆ ಒಪ್ಪಿ ಸಹಿ ಹಾಕಿದ್ದರು. ಬಾಂಗ್ಲಾದೇಶ ಅದೇ ವರ್ಷ ಅದನ್ನು ಅನುಮೋದಿಸಿತು. ನಮ್ಮಲ್ಲಿ ಭೂಮಿ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿ ಅಗತ್ಯವೆಂದು ಸುಪ್ರೀಂ ಕೋರ್ಟ್ 1960ರಲ್ಲೇ ಹೇಳಿತ್ತು. ನಾವು ಕೊಡಬೇಕಾದದ್ದು ಸುಮಾರು 17,160 ಎಕರೆ, ನಮಗೆ ಬರುವುದು ಸುಮಾರು 7,110 ಎಕರೆ. ಈ ಲೆಕ್ಕ ಮುಂದಿಟ್ಟು ವಿರೋಧಿಸುವವರು ಎಂದೂ ಕಡಿಮೆಯಾಗಲಿಲ್ಲ. ಆ ತುಂಡುಗಳಲ್ಲಿ ಮನುಷ್ಯರಿದ್ದಾರೆ ಎಂಬ ಲೆಕ್ಕ ಹಿಂದೆ ಸರಿಯಿತು. 2011ರಲ್ಲಿ ಎರಡೂ ದೇಶಗಳು ಸೇರಿ ತಲೆ ಎಣಿಸಿದಾಗ ಅವರು 51,549 ಮಂದಿಯಿದ್ದರು.

ಅದೇ ವರ್ಷ ಡಾ. ಮನಮೋಹನ್ ಸಿಂಗ್ ಢಾಕಾಕ್ಕೆ ಹೋದಾಗ ಒಪ್ಪಂದದ ಪೂರಕ ಪತ್ರಕ್ಕೆ ಸಹಿ ಬಿತ್ತು. 2015ರ ಮೇ ತಿಂಗಳಲ್ಲಿ ನರೇಂದ್ರ ಮೋದಿಯವರ ಸರ್ಕಾರ ತಂದ ಸಂವಿಧಾನದ 100ನೇ ತಿದ್ದುಪಡಿಗೆ ಸಂಸತ್ತಿನ ಎರಡೂ ಸದನಗಳು ಒಮ್ಮತದಿಂದ ಒಪ್ಪಿಗೆ ನೀಡಿದವು. ಒಂದು ಪಕ್ಷ ಆರಂಭಿಸಿದ್ದನ್ನು ಇನ್ನೊಂದು ಪಕ್ಷ ಮುಗಿಸಿತು. ಜುಲೈ 31ರ ಮಧ್ಯರಾತ್ರಿ ವಿನಿಮಯ ನಡೆಯಿತು. ಒಂದು ಗುಂಡೂ ಹಾರಲಿಲ್ಲ. ಯಾರನ್ನೂ ಬಲವಂತದಿಂದ ಎಬ್ಬಿಸಲಿಲ್ಲ, ಯಾವ ದೇಶದ ಪೌರತ್ವ ಬೇಕೆಂದು ಜನರನ್ನೇ ಕೇಳಲಾಯಿತು. ಹೆಚ್ಚಿನವರು ತಾವಿದ್ದ ಮಣ್ಣಿನಲ್ಲೇ ಉಳಿದರು. ಸಹಿಯಿಂದ ಜಾರಿಯವರೆಗೆ ಹಿಡಿದದ್ದು 41 ವರ್ಷ. ಅಷ್ಟರಲ್ಲಿ ಒಂದು ಪೀಳಿಗೆಯ ಬಾಲ್ಯವೇ ಕಳೆದುಹೋಗಿತ್ತು.

ಬಂಧುಗಳೇ, ಈಚಿನ ದಿನಗಳಲ್ಲಿ ಈ ಸ್ನೇಹಕ್ಕೆ ಪೆಟ್ಟು ಬಿದ್ದಿರುವುದು ನಿಜ. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಉರುಳಿದ ಮೇಲೆ ಎರಡೂ ಕಡೆ ಕಹಿ ಮಾತುಗಳು ಹೆಚ್ಚಿದವು. ತೀಸ್ತಾ ನದಿ ನೀರಿನ ಹಂಚಿಕೆ ಇನ್ನೂ ಇತ್ಯರ್ಥವಾಗಿಲ್ಲ. 1996ರ ಗಂಗಾ ನೀರಿನ ಒಪ್ಪಂದದ 30 ವರ್ಷಗಳ ಅವಧಿ 2026ರ ಡಿಸೆಂಬರ್‌ವರೆಗೆ. ಆದರೆ ಸರ್ಕಾರ ಬದಲಾಯಿತೆಂದು ಛಿಟ್‌ಮಹಲ್‌ಗಳು ಮರಳಿ ಬರಲಿಲ್ಲ. ನಾಯಕರ ನಡುವಿನ ಸ್ನೇಹ ನಾಯಕರೊಂದಿಗೆ ಹೋಗಬಹುದು, ಕಾನೂನಾಗಿ ಬರೆದಿಟ್ಟ ಸ್ನೇಹ ಉಳಿಯುತ್ತದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ವಕೀಲರಾಗುತ್ತೀರಿ, ಅಧಿಕಾರಿಗಳಾಗುತ್ತೀರಿ, ಪತ್ರಕರ್ತರಾಗುತ್ತೀರಿ. ನೆರೆ ದೇಶದ ಮೇಲೆ ಕೂಗಾಡುವುದು ಸುಲಭ, ಅದಕ್ಕೆ ಓದು ಬೇಕಿಲ್ಲ. ಒಪ್ಪಂದವನ್ನು ಓದಿ, ನಕ್ಷೆಯನ್ನು ನೋಡಿ, ಅಲ್ಲಿ ಯಾರು ವಾಸಿಸುತ್ತಿದ್ದಾರೆಂದು ಕೇಳಲು ಓದು ಬೇಕು. ನಿಮ್ಮ ಶಾಲೆಯ ಪುಸ್ತಕದಲ್ಲಿ ನಿಮ್ಮ ತಂದೆಯ ಹೆಸರು ಸರಿಯಾಗಿಯೇ ಇದೆ. ಅದು ದೊಡ್ಡ ಭಾಗ್ಯವೆಂದು ತಿಳಿದು, ಆ ಭಾಗ್ಯ ಗಡಿಯ ಆಚೆಯ ಮಗುವಿಗೂ ಇರಲೆಂದು ಬಯಸುವ ಮನಸ್ಸು ನಿಮ್ಮದಾಗಲಿ.