ಸಾಥ್ ಕೊಟ್ಟ ಕೈ: ವಿಜಾಪುರೆ ಮಾಸ್ತರರ ನೆನಪು

(ಸಂಘದ ಬೆಳ್ಳಿಹಬ್ಬದ ಸಾಂಸ್ಕೃತಿಕ ಸಭೆಯಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಸೊಸಾಯಿಟಿಯ ಬೆಳ್ಳಿಹಬ್ಬದಾಗ ಪೇಟಿ ಮಾಸ್ತರನಿಗೆ ಏನು ಕೆಲಸ ಎಂದು ನಿಮಗೆ ಅನಿಸಿರಬಹುದು. ಬೀಜ, ಗೊಬ್ಬರ, ಬೆಳೆಸಾಲದ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಒಬ್ಬ ಗುರುವಿನ ನೆನಪು ಮಾಡಿ, ಕೊನೆಗೆ ಒಂದು ಬೇಡಿಕೆ ಇಟ್ಟು ಕೂಡುತ್ತೇನೆ. ಹೆದರಬ್ಯಾಡ್ರಿ, ಸಾಲ ಕೇಳುವುದಿಲ್ಲ.

ನಮ್ಮ ಖಾನಾಪುರದಿಂದ ಬೆಳಗಾವಿಗೆ ರೈಲಿನಲ್ಲಿ ತಾಸೊಪ್ಪತ್ತಿನ ಹಾದಿಯೂ ಅಲ್ಲ. ವಝೇಬುವಾ, ಕಾಗಲಕರಬುವಾ ಅಂಥವರು ನೆಲೆಸಿ ಕಲಿಸಿದ ಊರು ಅದು. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿ ಅದರ ಮಗ್ಗಲಿಗೇ ಇದೆ. ಆ ಊರಿನಲ್ಲಿ ಪೇಟಿ ಅಂದರೆ ಒಂದೇ ಹೆಸರು: ಪಂಡಿತ ರಾಂಭಾವು ವಿಜಾಪುರೆ. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿದರು. ತಂದೆಯವರೂ ಶಾಲಾ ಮಾಸ್ತರರೇ. 2010ರ ನವೆಂಬರದಲ್ಲಿ ತೀರಿಕೊಂಡಾಗ ಮಾಸ್ತರರಿಗೆ 93 ವರ್ಷ. ಗಂಗೂಬಾಯಿ ಹಾನಗಲ್ಲ, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಭೀಮಸೇನ ಜೋಶಿ ಇಂಥ ದೊಡ್ಡವರಿಗೆಲ್ಲ ಸಾಥ್ ಕೊಟ್ಟ ಕೈ ಅದು. ಆ ಕೈಯೇ ಬೆಳಗಾವಿಯ ತಮ್ಮ ಶ್ರೀರಾಮ ಸಂಗೀತ ಮಹಾವಿದ್ಯಾಲಯದಲ್ಲಿ ಸಣ್ಣ ಮಕ್ಕಳಿಗೆ ಸಾ ರೆ ಗ ಮ ಹಿಡಿಯಲು ಕಲಿಸಿತು.

ಈಗ ಒಂದು ಮಾತು ಲಕ್ಷ್ಯಗೊಟ್ಟು ಕೇಳಿರಿ. 1940ರ ಮಾರ್ಚ್ ಒಂದರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ಬಂದ್ ಮಾಡಿದರು. ಪೇಟಿ ಪರದೇಶದ್ದು, 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದದ್ದು. ಅದರ ಸ್ವರಗಳು ಅಚ್ಚು ಹೊಡೆದಂತೆ ನಿಂತವು, ನಮ್ಮ ಶ್ರುತಿ, ಮೀಂಡ್ ಅದರಲ್ಲಿ ಬರುವುದಿಲ್ಲ ಎಂಬುದು ಆಕ್ಷೇಪ. ರವೀಂದ್ರನಾಥ ಟಾಗೋರರಂಥವರಿಗೂ ಪೇಟಿ ಸೇರುತ್ತಿರಲಿಲ್ಲ. 1950ರಲ್ಲಿ ನಮ್ಮ ಧಾರವಾಡ ಕೇಂದ್ರ ಶುರುವಾದಾಗಲೂ ಪೇಟಿಗೆ ಬಾಗಿಲು ಮುಚ್ಚಿಯೇ ಇತ್ತು. 1971ರಲ್ಲಿ ನಿರ್ಬಂಧ ಸಡಿಲಾಯಿತು, ಅದೂ ಪೂರ್ತಿ ಅಲ್ಲ. ಲೆಕ್ಕ ಹಾಕಿರಿ. ಬಂದ್ ಆದಾಗ ಮಾಸ್ತರರಿಗೆ 23, ಸಡಿಲಾದಾಗ 54. ಮನುಷ್ಯನ ಕಸುವಿನ ವರ್ಷಗಳೆಲ್ಲ ಅದರಾಗ ಹೋದುವು. ಆದರೂ ಅವರು ಪೇಟಿ ಬಿಟ್ಟು ಬೇರೆ ವಾದ್ಯ ಹಿಡಿಯಲಿಲ್ಲ, ಕಲಿಸುವುದನ್ನೂ ನಿಲ್ಲಿಸಲಿಲ್ಲ.

ಆಕ್ಷೇಪ ಸುಳ್ಳೇನಲ್ಲ. ಪೇಟಿಯ ಮನೆ ಒತ್ತಿದರೆ ಅದೇ ಸ್ವರ. ಎಳೆಯಲು ಬರುವುದಿಲ್ಲ, ಜಗ್ಗಲು ಬರುವುದಿಲ್ಲ. ಅದಕ್ಕೇ ಸಾಥಿದಾರನ ಕೆಲಸ ಬಿಗಿಯಾದದ್ದು. ಗಾಯಕ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಇವನು ಗಟ್ಟಿಯಾಗಿ ಒತ್ತಿದರೆ ರಾಗ ಕೆಟ್ಟಿತು. ಅಲ್ಲಿ ಬೆರಳು ಹಗುರ ಮಾಡಬೇಕು, ತಿದಿಯ ಗಾಳಿ ಕಡಿಮೆ ಮಾಡಬೇಕು. ಗಾಯಕ ಉಸಿರು ತೆಗೆದುಕೊಳ್ಳುವಾಗ ಮಾತ್ರ ಆ ಸಂದು ತುಂಬಬೇಕು, ಅವನು ಮತ್ತೆ ಎತ್ತಿಕೊಂಡ ಕೂಡಲೇ ಹಿಂದೆ ಸರಿಯಬೇಕು. ವಾದ್ಯದ ಕೊರತೆ ಏನೆಂದು ಗೊತ್ತಿದ್ದವನೇ ಅದನ್ನು ಚಲೋ ಬಾರಿಸುತ್ತಾನೆ. ನಮ್ಮ ಸಂಘದ ಕೆಲಸವೂ ಇದೇ ಅಲ್ಲವೇ? ಬಿತ್ತನೆ ಮುಗಿದು ಸುಗ್ಗಿ ಬರುವ ತನಕ ರೈತನ ಉಸಿರು ಕಟ್ಟಿರುತ್ತದೆ. ಆ ಸಂದು ತುಂಬುವುದೇ ಸಹಕಾರ.

ನಾನು ವಿಜಾಪುರೆ ಮಾಸ್ತರರ ಶಿಷ್ಯನಲ್ಲ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದವನು, ಅಷ್ಟೇ. ಆದರೆ ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೆ ಪೇಟಿ ಬಾರಿಸಿದೆ. ಆಗಸ್ಟ್ 15, ಜನವರಿ 26 ಬಂತೆಂದರೆ ಡ್ರಮ್ಮು, ಬ್ಯೂಗಲ್ಲು, ತಾಳ ಕೂಡಿಸಿ ಮಕ್ಕಳ ಬ್ಯಾಂಡ್ ಮಾಡಿ ಪ್ರಭಾತಫೇರಿ ತೆಗೆದೆ. ಈ ಸಭೆಯಲ್ಲಿ ಕುಳಿತ ಎಷ್ಟೋ ಮಂದಿ ಆವಾಗ ಡ್ರಮ್ ಹಿಡಿಯಲು ನಾ ಮುಂದೆ ತಾ ಮುಂದೆ ಎಂದು ಜಗಳಾಡಿದವರೇ. ನಿವೃತ್ತನಾದ ದಿನ ಪೇಟಿಯನ್ನು ಕಪಾಟಿನಲ್ಲಿ ಇಟ್ಟು, ಕೀಲಿ ಹಾಕಿ, ಕೀಲಿಕೈ ಒಪ್ಪಿಸಿ, ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ನಾಲ್ಕು ವರ್ಷದ ಮೇಲೆ ಹೋಗಿ ಕಪಾಟು ತೆರೆಸಿದೆ. ನಮ್ಮ ತಾಲೂಕಿನ ಮಳೆ ನಿಮಗೆ ಗೊತ್ತೇ ಇದೆ. ಕಟ್ಟಿಗೆ ಉಬ್ಬಿ ಮನೆಗಳು ಕಚ್ಚಿಕೊಂಡಿದ್ದವು, ಹಿತ್ತಾಳೆಯ ರೀಡುಗಳಿಗೆ ಕಿಲುಬು ಹತ್ತಿತ್ತು, ತಿದಿಯನ್ನು ಇಲಿ ಕಡಿದಿತ್ತು. ತಪ್ಪು ಯಾರದು? ನನ್ನದೇ. ಇಷ್ಟು ವರ್ಷ ನಾನೇ ಬಾರಿಸಿದೆ, ಇನ್ನೊಬ್ಬನನ್ನು ಪೇಟಿಯ ಮುಂದೆ ಕೂಡ್ರಿಸಲಿಲ್ಲ. ವಿಜಾಪುರೆ ಮಾಸ್ತರರು ಹೋದ ಮೇಲೆ ಅವರ ಶಿಷ್ಯರು ಸುಧಾಂಶು ಕುಲಕರ್ಣಿಯವರು, ರವೀಂದ್ರ ಕಾಟೋಟಿಯವರು ಅದೇ ವಾದ್ಯವನ್ನು ಮುಂದಕ್ಕೆ ಒಯ್ದರು. ನಾನು ಬಿಟ್ಟುಹೋದದ್ದು ಕೀಲಿ ಹಾಕಿದ ಕಪಾಟು. ಅವರಿಗೂ ನನಗೂ ಇರುವ ಅಂತರ ಬರೀ ವಿದ್ವತ್ತಿನದಲ್ಲ ಎಂದು ಆ ದಿನ ತಿಳಿಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪೇಟಿಯ ದುರಸ್ತಿ ಖರ್ಚು ನನ್ನ ಪೆನ್ಶನ್ನಿನಲ್ಲಿ ಆಗುತ್ತದೆ. ಸಂಘದವರು ಗೋಡಾವನದ ಮಗ್ಗಲಿನ ಖೋಲಿಯನ್ನು ರವಿವಾರ ಮುಂಜಾನೆ ಎರಡು ತಾಸು ಬಿಟ್ಟುಕೊಡಬೇಕು. ಹತ್ತು ಮಕ್ಕಳು ಬರಲಿ, ಇಬ್ಬರೇ ಬರಲಿ, ನಾನು ಕಲಿಸುತ್ತೇನೆ. ಫೀ ಇಲ್ಲ. ಹೆಣ್ಣುಮಕ್ಕಳನ್ನೂ ಕಳಿಸಿರಿ. ನನ್ನ ಬೆರಳು ಈಗ ಮೊದಲಿನಂತೆ ಓಡುವುದಿಲ್ಲ ಖರೆ, ಆದರೆ ತೋರಿಸಿಕೊಡಲು ಅಷ್ಟು ಸಾಕು. ಈ ಸಲ ಕೀಲಿಕೈ ಒಪ್ಪಿಸುವ ಮೊದಲು ಬಾರಿಸುವ ಕೈಯೊಂದನ್ನು ತಯಾರು ಮಾಡಿಯೇ ಒಪ್ಪಿಸುತ್ತೇನೆ.

ಅಧ್ಯಕ್ಷರು ತಲೆ ಅಲ್ಲಾಡಿಸಿದ್ದನ್ನು ನೀವೆಲ್ಲರೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅದನ್ನೇ ಠರಾವು ಎಂದು ತಿಳಿದು, ಸಂಘಕ್ಕೆ ಒಳ್ಳೆಯದಾಗಲೆಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.