ವೀಕ್ಷಕರು ನೋಡಿದ್ದೇನು, ನೋಡದೇ ಬಿಟ್ಟಿದ್ದೇನು?

ವೀಕ್ಷಕರೇ.

ದಿನಾ ರಾತ್ರಿ ನಾನು ನಿಮ್ಮನ್ನ ಕರೆಯೋದೇ ಹೀಗೆ, ವೀಕ್ಷಕರೇ ಅಂತ. ಇವತ್ತು ಇದೇ ಹೆಸರಿರೋ ಬೇರೆ ಜನರ ಬಗ್ಗೆ ಮಾತಾಡ್ಬೇಕು. ಚುನಾವಣಾ ವೀಕ್ಷಕರು. ಹೊರ ರಾಜ್ಯದಿಂದ ನಮ್ಮ ಜಿಲ್ಲೆಗಳಿಗೆ ಬರ್ತಾರಲ್ಲ ಐಎಎಸ್ ಅಧಿಕಾರಿಗಳು, ಅವರಲ್ಲ. ಒಂದು ದೇಶದ ಚುನಾವಣೆ ನೋಡೋಕೆ ಇನ್ನೊಂದು ದೇಶದಿಂದ ಹೋಗೋ ವೀಕ್ಷಕರು.

2024ರ ಮೇ ತಿಂಗಳಲ್ಲಿ ನಮ್ಮ ಲೋಕಸಭಾ ಚುನಾವಣೆ ನೋಡೋಕೆ 23 ದೇಶಗಳಿಂದ 75 ಪ್ರತಿನಿಧಿಗಳು ಬಂದಿದ್ದರು. ಚುನಾವಣಾ ಆಯೋಗವೇ ಕರೆಸಿತ್ತು. ಆರು ರಾಜ್ಯಗಳಿಗೆ ಕಳಿಸಿಕೊಟ್ಟರು, ಅದರಲ್ಲಿ ಕರ್ನಾಟಕವೂ ಒಂದು. ಬಂದ್ರು, ಮತಗಟ್ಟೆ ನೋಡಿದ್ರು, ಹೊಗಳಿದ್ರು, ಹೋದ್ರು. ಸಂತೋಷ. ಮನೆಗೆ ಬಂದ ನೆಂಟರು ಮನೆ ಚೆನ್ನಾಗಿದೆ ಅಂದ್ರೆ ಯಾರಿಗೆ ತಾನೇ ಖುಷಿ ಆಗಲ್ಲ? ಆದ್ರೆ ಒಂದು ಪ್ರಶ್ನೆ. ನೆಂಟರು ಚೆನ್ನಾಗಿದೆ ಅಂದ ಮಾತ್ರಕ್ಕೆ ಮಾಳಿಗೆ ಸೋರೋದು ನಿಲ್ಲುತ್ತಾ?

ಈ ಪ್ರಶ್ನೆಗೆ ಉತ್ತರ ಬೇಕಂದ್ರೆ ಆಫ್ರಿಕಾದ ಕೀನ್ಯಾಗೆ ಹೋಗ್ಬೇಕು.

2017ರ ಆಗಸ್ಟ್ 8. ಕೀನ್ಯಾದಲ್ಲಿ ಅಧ್ಯಕ್ಷರ ಚುನಾವಣೆ. ಒಂದು ಕಡೆ ಅಧಿಕಾರದಲ್ಲಿದ್ದ ಉಹುರು ಕೆನ್ಯಾಟ್ಟಾ, ಇನ್ನೊಂದು ಕಡೆ ಹಳೇ ಹುಲಿ ರೈಲಾ ಒಡಿಂಗಾ. ಮತದಾನಕ್ಕೆ ಕೆಲವೇ ದಿನ ಇರುವಾಗ ಅಲ್ಲಿನ ಚುನಾವಣಾ ಆಯೋಗದ ಕಂಪ್ಯೂಟರ್ ವ್ಯವಸ್ಥೆ ನೋಡ್ಕೋತಿದ್ದ ಹಿರಿಯ ಅಧಿಕಾರಿ ಕ್ರಿಸ್ ಮ್ಸಾಂಡೊ ಕೊಲೆಯಾಗಿ ಹೋದರು. ರಾಜಧಾನಿ ನೈರೋಬಿಯ ಹೊರವಲಯದಲ್ಲಿ ಹೆಣ ಸಿಕ್ಕಿತು. ಇಡೀ ದೇಶಕ್ಕೆ ಚಳಿ ಹಿಡಿಸಿದ ಸುದ್ದಿ ಅದು.

ಅಂಥ ಹೊತ್ತಲ್ಲಿ ವೀಕ್ಷಕರ ದಂಡೇ ಬಂದಿಳಿಯಿತು. ಸಾಮಾನ್ಯರಲ್ಲ ಸ್ವಾಮಿ! ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜಾನ್ ಕೆರ್‍ರಿ, ಕಾರ್ಟರ್ ಸೆಂಟರ್ ತಂಡದ ಜೊತೆ. ದಕ್ಷಿಣ ಆಫ್ರಿಕಾದ ಮಾಜಿ ಅಧ್ಯಕ್ಷ ಥಾಬೊ ಎಂಬೆಕಿ, ಆಫ್ರಿಕಾ ಒಕ್ಕೂಟದ ಪರವಾಗಿ. ಘಾನಾದ ಮಾಜಿ ಅಧ್ಯಕ್ಷ ಜಾನ್ ಮಹಾಮ, ಕಾಮನ್‌ವೆಲ್ತ್ ಪರವಾಗಿ. ಐರೋಪ್ಯ ಒಕ್ಕೂಟದ್ದು ಬೇರೆ ತಂಡ.

ಮತದಾನದ ದಿನ ಇವರು ಕಂಡಿದ್ದೇನು? ಬೆಳಗಿನ ಜಾವದಿಂದಲೇ ಉದ್ದುದ್ದ ಸಾಲು. ತಾಳ್ಮೆಯಿಂದ ನಿಂತ ಜನ. ಬಹುಮಟ್ಟಿಗೆ ಶಾಂತ ಮತದಾನ. ಕಂಡಿದ್ದನ್ನೇ ಹೇಳಿದ್ರು. ಆಗಸ್ಟ್ 10ಕ್ಕೆ ಪತ್ರಿಕಾಗೋಷ್ಠಿ ಕರೆದು ಚುನಾವಣೆ ಚೆನ್ನಾಗಿ ನಡೆದಿದೆ ಅಂದ್ರು. ಆಕ್ಷೇಪ ಇದ್ದರೆ ಬೀದಿಗಿಳಿಯಬೇಡಿ, ಕೋರ್ಟಿಗೆ ಹೋಗಿ ಅಂತ ಬುದ್ಧಿನೂ ಹೇಳಿದ್ರು. ಮಾರನೇ ದಿನ ಫಲಿತಾಂಶ ಬಂತು. ಕೆನ್ಯಾಟ್ಟಾಗೆ ಶೇ. 54, ಒಡಿಂಗಾಗೆ ಶೇ. 45ರ ಹತ್ತಿರ.

ಒಡಿಂಗಾ ಕೋರ್ಟಿಗೆ ಹೋದ್ರು. ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗ ತೀರ್ಪು ಓದಿದಾಗ ಜಗತ್ತೇ ಬೆರಗಾಯ್ತು. ನಾಲ್ವರು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಚುನಾವಣೆಯೇ ರದ್ದು! 60 ದಿನದೊಳಗೆ ಮತ್ತೆ ನಡೆಸಿ!

ಏನಾಗಿತ್ತು ಅಲ್ಲಿ? ಸ್ವಲ್ಪ ಗಮನ ಇಟ್ಟು ಕೇಳಿ. ಕೀನ್ಯಾದಲ್ಲಿ ಎಣಿಕೆ ನಡೆಯೋದು ಮತಗಟ್ಟೆಯಲ್ಲೇ. ಎಣಿಸಿ, 34ಎ ಅನ್ನೋ ಫಾರಂನಲ್ಲಿ ಬರೆದು, ಏಜೆಂಟರ ಸಹಿ ಹಾಕಿಸ್ತಾರೆ. ಅದರ ಫೋಟೊ ಮತ್ತು ಅಂಕಿ ಎರಡೂ ನೈರೋಬಿಗೆ ಹೋಗ್ಬೇಕು. ಇಂಥ ಮತಗಟ್ಟೆಗಳು 40 ಸಾವಿರಕ್ಕೂ ಹೆಚ್ಚು. ಅವತ್ತು ಅಂಕಿಗಳು ಪಟಪಟ ಅಂತ ಪರದೆ ಮೇಲೆ ಬಂದ್ವು. ಕಾಗದ ಬರಲಿಲ್ಲ. ಎಲ್ಲಾ 34ಎ ಕೈಗೆ ಸಿಗೋ ಮೊದಲೇ ಫಲಿತಾಂಶ ಘೋಷಣೆ ಆಯ್ತು. ಕೆಲವು ಫಾರಂಗಳಲ್ಲಿ ಇರಬೇಕಾದ ಭದ್ರತಾ ಗುರುತುಗಳೇ ಇರಲಿಲ್ಲ. ಸರ್ವರ್ ತೋರಿಸಿ ಅಂತ ಸುಪ್ರೀಂ ಕೋರ್ಟೇ ಆದೇಶ ಕೊಟ್ಟರೂ ಆಯೋಗ ಪೂರ್ತಿ ತೋರಿಸಲಿಲ್ಲ. ತೋರಿಸದೇ ಇದ್ರೆ ಅರ್ಜಿದಾರರ ಮಾತನ್ನೇ ಒಪ್ಪಬೇಕಾಗುತ್ತೆ ಅಂತು ಕೋರ್ಟು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ಕೆನ್ಯಾಟ್ಟಾ ಮತ ಕದ್ದರು ಅಂತ ಕೋರ್ಟ್ ಹೇಳಲಿಲ್ಲ. ಅವರ ಕಡೆಯಿಂದ ತಪ್ಪು ನಡೆದದ್ದಕ್ಕೆ ಸಾಕ್ಷಿ ಇಲ್ಲ ಅಂತಲೇ ಹೇಳಿತು. ಕೋರ್ಟ್ ಹೇಳಿದ್ದು ಇಷ್ಟೇ: ಚುನಾವಣೆ ಅಂದ್ರೆ ಮತದಾನದ ಒಂದು ದಿನ ಅಲ್ಲ, ಮೊದಲಿಂದ ಕೊನೆವರೆಗಿನ ಇಡೀ ಪ್ರಕ್ರಿಯೆ. ಲೆಕ್ಕ ಮಾಡಿದ ದಾರಿಯೇ ಸರಿ ಇಲ್ಲದಿದ್ರೆ, ಬಂದ ಉತ್ತರವನ್ನ ನಂಬಿ ಅಂತ ಹೇಳೋಕಾಗಲ್ಲ.

ಹಾಗಾದ್ರೆ ವೀಕ್ಷಕರು ಮೋಸಗಾರರಾ? ಅಲ್ಲ. ಫಲಿತಾಂಶ ರವಾನೆಯ ಬಗ್ಗೆ ಎಚ್ಚರಿಕೆಯ ಮಾತುಗಳು ಅವರ ಹೇಳಿಕೆಗಳಲ್ಲೂ ಇದ್ದವು. ಆದ್ರೆ ಹೊಗಳಿಕೆ ತಲೆಬರಹ ಆಯ್ತು, ಎಚ್ಚರಿಕೆ ಹತ್ತನೇ ಪುಟಕ್ಕೆ ಹೋಯ್ತು. ಅದರಲ್ಲಿ ನಮ್ಮ ಪಾಲೂ ಇದೆ. ಅಂಕಿ ಕಂಡ ತಕ್ಷಣ ಮುನ್ನಡೆ, ಹಿನ್ನಡೆ ಅಂತ ಕೂಗೋರು ನಾವು ಟಿವಿಯವರೇ ಅಲ್ವಾ?

ಅವರ ಅವಸರಕ್ಕೆ ಇನ್ನೊಂದು ಕಾರಣ ಇತ್ತು, ಭಯ. 2007ರ ಡಿಸೆಂಬರ್ ಚುನಾವಣೆ ಆದ ಮೇಲೆ ಇದೇ ಕೀನ್ಯಾದಲ್ಲಿ 1,100ಕ್ಕೂ ಹೆಚ್ಚು ಜನ ಸತ್ತಿದ್ದರು. ಲಕ್ಷಾಂತರ ಮಂದಿ ಮನೆ ಬಿಟ್ಟು ಓಡಿದ್ದರು. ಮತ್ತೆ ರಕ್ತ ಹರಿಯಬಾರದು ಅನ್ನೋ ಕಾಳಜಿ ಸಹಜ. ಆದ್ರೆ ಬಾಯಿ ಮುಚ್ಚಿಸಿದ್ರೆ ಶಾಂತಿ ಬರುತ್ತಾ? ಒಡಿಂಗಾ ಬೆಂಬಲಿಗರಿಗೆ ಅನಿಸಿದ್ದು, ಈ ವಿದೇಶಿಯರಿಗೆ ನಮ್ಮ ಮತ ಬೇಕಿಲ್ಲ, ನಮ್ಮ ಮೌನ ಬೇಕು ಅಂತ. ಅದು ವೀಕ್ಷಕರು ಕಳೆದುಕೊಂಡ ದೊಡ್ಡ ಆಸ್ತಿ. ವೀಕ್ಷಕನ ಹತ್ತಿರ ಪೊಲೀಸ್ ಇಲ್ಲ, ಕಾನೂನಿಲ್ಲ. ಇರೋದು ನಂಬಿಕೆಯೊಂದೇ.

ಇನ್ನು ಕೆಲವು ಕಡೆ ಕಥೆ ಇದಕ್ಕಿಂತ ಕೆಟ್ಟದು. 2013ರಲ್ಲಿ ಅಜರ್‌ಬೈಜಾನ್‌ನಲ್ಲಿ ಮತದಾನದ ಹಿಂದಿನ ದಿನವೇ ಚುನಾವಣಾ ಆಯೋಗದ ಮೊಬೈಲ್ ಆ್ಯಪ್‌ನಲ್ಲಿ ಅಧ್ಯಕ್ಷ ಅಲಿಯೆವ್ ಗೆದ್ದ ಫಲಿತಾಂಶ ಬಂದುಬಿಟ್ಟಿತ್ತು! ಹುಡುಗಿ ನೋಡೋ ಮೊದಲೇ ಮದುವೆ ಊಟ ಬಡಿಸಿದ ಹಾಗೆ. ಪರೀಕ್ಷೆಗೆ ಹಾಕಿದ್ದು ಅಂತ ಸಮಜಾಯಿಷಿ ಕೊಟ್ಟರು. ತಜ್ಞ ವೀಕ್ಷಕರ ತಂಡ ಚುನಾವಣೆಯಲ್ಲಿ ಗಂಭೀರ ದೋಷ ಇದೆ ಅಂದ್ರೆ, ಯುರೋಪಿನ ಸಂಸದರ ಇನ್ನೊಂದು ನಿಯೋಗ ಮುಕ್ತ, ನ್ಯಾಯಸಮ್ಮತ ಅಂತ ಸರ್ಟಿಫಿಕೇಟ್ ಕೊಟ್ಟಿತು. ಒಂದೇ ಚುನಾವಣೆ, ಎರಡು ಕನ್ನಡಕ. ಯಾವ ಕಾಗದ ಬೇಕೋ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆಯೋಕೆ ಸರ್ಕಾರಗಳಿಗೆ ಹೇಳಿಕೊಡಬೇಕಾ?

ಮತ್ತೆ ಕೀನ್ಯಾಗೆ ಬರೋಣ. ತೀರ್ಪಿನಿಂದ ಎಲ್ಲಾ ಸರಿ ಹೋಯ್ತು ಅಂದುಕೋಬೇಡಿ. ಅಕ್ಟೋಬರ್ 26ರ ಮರುಚುನಾವಣೆಯನ್ನ ಒಡಿಂಗಾ ಬಹಿಷ್ಕರಿಸಿದ್ರು. ಶೇ. 40ರಷ್ಟು ಜನವೂ ಮತ ಹಾಕಲಿಲ್ಲ, ಕೆನ್ಯಾಟ್ಟಾಗೆ ಬಂದದ್ದು ಶೇ. 98. ಗಲಭೆ, ಗೋಲಿಬಾರಿನಲ್ಲಿ ಹಲವರು ಪ್ರಾಣ ಬಿಟ್ಟರು.

ಆದ್ರೆ ಆ ತೀರ್ಪು ಬಿತ್ತಿದ ಬೀಜ 2022ರಲ್ಲಿ ಮೊಳೆಯಿತು. ಆ ಸಲ ಆಯೋಗ ಮತಗಟ್ಟೆಗಳ 34ಎ ಫಾರಂಗಳನ್ನ ಎಲ್ಲರೂ ನೋಡೋ ಹಾಗೆ ತನ್ನ ವೆಬ್‌ಸೈಟಿಗೆ ಹಾಕಿತು. ನೈರೋಬಿಯ ಆಟೋ ಚಾಲಕನೂ ಕೂಡಬಹುದು, ಹಳ್ಳಿ ಮೇಷ್ಟ್ರೂ ಕೂಡಬಹುದು. ವಿಲಿಯಂ ರುಟೊ ಗೆದ್ದದ್ದು ಶೇ. 50ರ ಗೆರೆಯನ್ನ ಕೂದಲೆಳೆಯಷ್ಟು ದಾಟಿ. ಆಯೋಗದ ಏಳು ಸದಸ್ಯರಲ್ಲಿ ನಾಲ್ವರು ಫಲಿತಾಂಶ ಒಪ್ಪಲ್ಲ ಅಂತ ಎದ್ದು ಹೋದರು. ಆದರೂ ದೇಶ 2007ರ ಹಾಗೆ ಹೊತ್ತಿ ಉರಿಯಲಿಲ್ಲ. ಒಡಿಂಗಾ ಅರ್ಜಿಯನ್ನ ಕೋರ್ಟ್ ಈ ಸಲ ವಜಾ ಮಾಡಿತು. ಯಾಕಂದ್ರೆ ಕಾಗದ ಎಲ್ಲರ ಕಣ್ಣೆದುರು ಇತ್ತು.

ವಿದೇಶದಿಂದ ಬರೋ ವೀಕ್ಷಕರು ಬರಲಿ. ಅವರಿದ್ರೆ ಬೂತಿಗೆ ನುಗ್ಗೋ ಪುಂಡ ಒಂದು ಹೆಜ್ಜೆ ಹಿಂದೆ ಸರಿಯಬಹುದು. ಆದ್ರೆ ಅವರ ಹತ್ತಿರ ವಾಪಸ್ ಹೋಗೋ ಟಿಕೆಟ್ ಇರುತ್ತೆ. ಮುಂದಿನ ಐದು ವರ್ಷ ಆ ಫಲಿತಾಂಶದ ಜೊತೆ ಬಾಳೋದು ಅಲ್ಲಿನ ಜನ.

ನಮ್ಮಲ್ಲೂ ಒಂದು ಕಾಗದ ಇದೆ. ಫಾರಂ 17ಸಿ. ಮತದಾನ ಮುಗಿದ ಮೇಲೆ, ಈ ಬೂತಿನಲ್ಲಿ ಇಷ್ಟು ಮತ ಬಿದ್ದಿದೆ ಅಂತ ಬರೆದು ಪಕ್ಷಗಳ ಏಜೆಂಟರಿಗೆ ಅದರ ಪ್ರತಿ ಕೊಡ್ತಾರೆ. ಎಣಿಕೆ ದಿನ ಮತಯಂತ್ರದ ಲೆಕ್ಕಕ್ಕೂ ಅದಕ್ಕೂ ತಾಳೆ ನೋಡ್ತಾರೆ. ನಿಮ್ಮೂರಿನ ಬೂತಿನಲ್ಲಿ ಸಂಜೆವರೆಗೂ ಕೂತು ಆ ಪ್ರತಿ ಇಸ್ಕೊಂಡು ಬಂದ ಏಜೆಂಟ್ ಯಾರು? ಅಥವಾ ಮಧ್ಯಾಹ್ನ ಊಟಕ್ಕೆ ಅಂತ ಎದ್ದು ಹೋದವನು ವಾಪಸ್ ಬರಲೇ ಇಲ್ವಾ? ಒಂದ್ಸಲ ಕೇಳಿ ನೋಡಿ.

ನಿಮ್ಮನ್ನ ನಾನು ವೀಕ್ಷಕರೇ ಅಂತ ಕರೆಯೋದು ಟಿವಿ ನೋಡ್ತೀರಿ ಅಂತ. ಆದ್ರೆ ಚುನಾವಣೆಯ ವೀಕ್ಷಕರೂ ನೀವೇ. ಆ ಕೆಲಸಕ್ಕೆ ಯಾವ ದೇಶದಿಂದಲೂ ಜನ ಬರಲ್ಲ.